ಹರಿಣಾಕ್ಷಿಯ ಸೋಮವಾರದ ಕಾರು

ಡೊಂಬಿವಲಿ ಪೂರ್ವದ ಮಾನ್‌ಪಾಡಾ ರಸ್ತೆಯ ಆ ಹಳೆಯ ಸೊಸೈಟಿಯಲ್ಲಿ ಇಪ್ಪತ್ತೆಂಟು ಮನೆಗಳಿದ್ದವು, ಒಂಬತ್ತು ಕಾರುಗಳಿದ್ದವು, ಕಾರು ಬಿಡುವ ಹೆಂಗಸು ಮಾತ್ರ ಒಬ್ಬಳೇ. ಅವಳು ಮೂರನೆಯ ಮಾಳಿಗೆಯ ಹರಿಣಾಕ್ಷಿ. ಕಾರ್ಕಳದ ಕಡೆಯಿಂದ ಮದುವೆಯಾಗಿ ಬಂದವಳು ಇಪ್ಪತ್ತು ವರ್ಷ ಬರೀ ಲೋಕಲ್ ಟ್ರೇನು, ಶೇರ್ ರಿಕ್ಷಾಗಳಲ್ಲೇ ಓಡಾಡಿದ್ದಳು. ನಲವತ್ತೈದನೆಯ ವಯಸ್ಸಿನಲ್ಲಿ ಒಂದು ದಿನ ಡ್ರೈವಿಂಗ್ ಕ್ಲಾಸಿಗೆ ಸೇರಿ, ಮೀಸೆ ಚಿಗುರುತ್ತಿದ್ದ ಕಾಲೇಜು ಹುಡುಗರ ಸಾಲಿನಲ್ಲಿ ಸೀರೆಯುಟ್ಟು ನಿಂತು, ಮೊದಲ ಪರೀಕ್ಷೆಯಲ್ಲೇ ಲೈಸೆನ್ಸ್ ಪಡೆದಳು. ಆ ಹುಡುಗರಲ್ಲಿ ಇಬ್ಬರು ನಪಾಸಾಗಿದ್ದರು ಎಂಬುದನ್ನು ಅವಳ ಗಂಡ ಊರಿಗೆಲ್ಲ ಹೇಳಿದ.

ಗಂಡ ಪ್ರೇಮನಾಥ ಠಾಣೆಯ ನೌಪಾಡಾದಲ್ಲಿ ಒಂದು ಶಾಕಾಹಾರಿ ಹೋಟೆಲಿನ ಮ್ಯಾನೇಜರ್. ಅವನಿಗೆ ಕಾರಿರಲಿ, ಸೈಕಲ್ ಕೂಡ ಬಾರದು. ತನಗೆ ಬಾರದ ವಿದ್ಯೆ ಹೆಂಡತಿಗೆ ಬಂತೆಂದು ಕೆಲವು ಗಂಡಸರು ಮುಖ ಊದಿಸಿಕೊಳ್ಳುತ್ತಾರೆ. ಪ್ರೇಮನಾಥ ಆ ಜಾತಿಯವನಲ್ಲ. 2009ರ ದಸರೆಯ ದಿನ ಚಿಕ್ಕದೊಂದು ಕೆಂಪು ಪೆಟ್ರೋಲ್ ಕಾರು ಕೊಂಡು, ಕೀಲಿಯನ್ನು ಅವಳ ಕೈಗೇ ಕೊಡಿಸಿದ. ನೆರೂಳಿನಲ್ಲಿದ್ದ ಅವನ ಅಕ್ಕ ಪುಷ್ಪಾವತಿ ಹಬ್ಬದೂಟಕ್ಕೆ ಬಂದವಳು, ಕಾರಿನ ಬಾನೆಟ್ಟಿಗೆ ಕಟ್ಟಿದ ಚೆಂಡುಹೂವಿನ ಮಾಲೆಯನ್ನು ನೋಡಿ, "ಚಂದ ಉಂಟು ಪ್ರೇಮ. ಆದ್ರೆ ಇದು ಸ್ಟೇಷನ್‌ನಿಂದ ಆಚೆ ಹೋಗ್ಲಿಕ್ಕಿಲ್ಲ" ಎಂದಳು.

"ನೋಡ್ತಾ ಇರು ಅಕ್ಕ," ಎಂದ ಪ್ರೇಮನಾಥ. "ಇವಳು ಪ್ರತಿ ಸೋಮವಾರ ಅಂಬರನಾಥದ ಶಿವನ ಗುಡಿಗೆ ಕಾರಿನಲ್ಲೇ ಹೋಗಿ ಬರ್ತಾಳೆ. ಟ್ರಕ್ಕಿನವರು ಸಲಾಂ ಹೊಡೀಬೇಕು, ಹಾಗೆ ಹೋಗ್ತಾಳೆ."

ಮಾತು ಕೊಟ್ಟವನು ಗಂಡ, ನಡೆಸಬೇಕಾದವಳು ಹೆಂಡತಿ. ಮುಂದಿನ ಸೋಮವಾರ ಹರಿಣಾಕ್ಷಿ ಹೊರಟಳು. ಕಾಟಯಿ ನಾಕಾದವರೆಗೆ ಹೇಗೋ ಹೋದಳು. ಅಲ್ಲಿ ಅಂಬರನಾಥದ ರಸ್ತೆಗೆ ತಿರುಗುವಲ್ಲಿ ಕ್ಲಚ್ಚು ಬಿಟ್ಟದ್ದು ಹೆಚ್ಚಾಗಿ ಎಂಜಿನ್ ನಿಂತುಹೋಯಿತು. ಹಿಂದೆ ಹದಿನೆಂಟು ಚಕ್ರದ ಟ್ರೇಲರು, ಪಕ್ಕದಲ್ಲಿ ಸಿಮೆಂಟಿನ ಮಿಕ್ಸರು, ಎಲ್ಲರದ್ದೂ ಒಟ್ಟಿಗೇ ಹಾರ್ನು. ಸ್ಟಾರ್ಟ್ ಮಾಡಿದಂತೆಲ್ಲ ಮತ್ತೆ ನಿಂತಿತು. ಕೊನೆಗೆ ಟ್ರಾಫಿಕ್ ಪೊಲೀಸನೊಬ್ಬ ಬಂದು ಇಬ್ಬರು ರಿಕ್ಷಾದವರನ್ನು ಕರೆದು ಕಾರನ್ನು ಬದಿಗೆ ತಳ್ಳಿಸಿ, "ಬಾಯೀ, ಘರೀ ಜಾ ಆತಾ," ಎಂದ. ಬೈದಿದ್ದರೆ ಅವಳಿಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಇನ್ನು ಮನೆಗೆ ಹೋಗಮ್ಮ ಎಂದು ಅವನು ಕನಿಕರದಿಂದ ಹೇಳಿದ್ದ.

ಸಂಜೆ ಪ್ರೇಮನಾಥ ಹೋಟೆಲಿನಿಂದ ಮೈಸೂರುಪಾಕಿನ ಪೊಟ್ಟಣ ಹಿಡಿದೇ ಬಂದ. ಬಾಗಿಲಲ್ಲೇ ಕೇಳಿದ, "ಹೋಗಿ ಬಂದಿಯಾ?"

ಹರಿಣಾಕ್ಷಿ ಪೊಟ್ಟಣವನ್ನು ನೋಡಿದಳು, ಅವನ ಮುಖ ನೋಡಿದಳು. "ಹ್ಞೂಂ," ಎಂದಳು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಅಂತ ಅಂದುಕೊಂಡಳು ಪಾಪ. ಆ ಒಂದು ಹ್ಞೂಂಕಾರ ನಾಲ್ಕು ವರ್ಷ ಬೆಳೆಯಿತು.

ಅವಳು ಕಂಡುಕೊಂಡ ದಾರಿಯನ್ನು ಮೆಚ್ಚಲೇಬೇಕು. ಪ್ರತಿ ಸೋಮವಾರ ಹತ್ತು ಗಂಟೆಗೆ ಸೊಸೈಟಿಯವರೆಲ್ಲ ನೋಡುವಂತೆ ಕಾರು ತೆಗೆಯುವುದು. ಕಿಲೋಮೀಟರಿಗೂ ಕಡಿಮೆ ದೂರದ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ನಿಲ್ಲಿಸುವುದು. ಅಲ್ಲಿಂದ ಲೋಕಲ್ ಹಿಡಿದು ಅಂಬರನಾಥಕ್ಕೆ ಹೋಗಿ, ಆ ಹಳೆಯ ಕಲ್ಲುಗುಡಿಯ ಮೆಟ್ಟಿಲಿಳಿದು ಕೈಮುಗಿದು, ಬಿಲ್ವಪತ್ರೆ, ತೆಂಗಿನಕಾಯಿ ಚೂರು ತೆಗೆದುಕೊಂಡು ಮತ್ತೆ ಲೋಕಲಿನಲ್ಲಿ ಬರುವುದು. ಕಾರಿನಲ್ಲಿ ಮನೆಗೆ. ದೇವರಿಗೆ ಹೋದದ್ದು ನಿಜ, ಪ್ರಸಾದ ನಿಜ, ಸುಳ್ಳು ಇದ್ದದ್ದು ದಾರಿಯಲ್ಲಿ ಮಾತ್ರ. ಶಿವನಿಗೆ ಇದೆಲ್ಲ ಗೊತ್ತಿದೆ, ಅವನಿಗೇನೂ ಬೇಜಾರಿಲ್ಲ ಎಂದು ಅವಳು ಸಮಾಧಾನ ಮಾಡಿಕೊಂಡಿದ್ದಳು.

ಉಳಿದ ದಿನ ಬೆಳಗ್ಗೆ ಗಂಡನನ್ನು ಸ್ಟೇಷನ್ನಿಗೆ ಬಿಡುವುದು, ಸಂಜೆ ಕರೆತರುವುದು, ನಡುವೆ ಒಮ್ಮೆ ತರಕಾರಿ ಮಾರ್ಕೆಟ್ಟು. ಎಲ್ಲವೂ ಐದಾರು ನಿಮಿಷದ ಓಡಾಟ. ಎರಡನೆಯ ಗೇರು ದಾಟಿದ್ದು ಕಡಿಮೆ. ಕಾರನ್ನು ಅವಳು ಹೂವಿನ ಹಾಗೆ ನೋಡಿಕೊಂಡಳು. ಕೆಲಸವಿಲ್ಲದ ದಿನವೂ ದೇವರಿಗೆ ದೀಪ ಹಚ್ಚಿದ ಮೇಲೆ ಕೆಳಗಿಳಿದು, ಸ್ಟಿಯರಿಂಗಿಗೆ ಕುಂಕುಮ ಮುಟ್ಟಿಸಿ, ಎಂಜಿನ್ ಸ್ಟಾರ್ಟ್ ಮಾಡಿ, ಒಂದು ಶ್ಲೋಕ ಮುಗಿಯುವಷ್ಟು ಹೊತ್ತು ಇಟ್ಟು, ಆಫ್ ಮಾಡಿ ಬರುತ್ತಿದ್ದಳು. ಸುಮ್ಮನೆ ನಿಂತ ಯಂತ್ರ ಹಾಳಾಗುತ್ತದೆ ಎಂದು ಯಾರೋ ಹೇಳಿದ್ದರು.

ಮಗಳು ಮಾನಸಿ ಕಾಲೇಜಿಗೆ ಹೊರಡುತ್ತ, "ಮಮ್ಮೀ, ಗಾಡೀ ಕೋ ಭೀ ಆರತೀ?" ಎಂದು ನಗುತ್ತಿದ್ದಳು. ಮನೆಯಲ್ಲಿ ತುಳು, ಮಗಳ ಬಾಯಲ್ಲಿ ಹಿಂದಿ.

ಇತ್ತ ನೌಪಾಡಾದ ಹೋಟೆಲಿನಲ್ಲಿ ಪ್ರೇಮನಾಥನ ಸೋಮವಾರದ ವರ್ಣನೆ ವಾರದಿಂದ ವಾರಕ್ಕೆ ಹಿಗ್ಗುತ್ತಿತ್ತು. ಹೆಂಡತಿ ಎಷ್ಟು ನಿಮಿಷದಲ್ಲಿ ಹೋದಳು, ಯಾವ ಟ್ರಕ್ಕನ್ನು ಹಿಂದೆ ಹಾಕಿದಳು ಎಂಬುದನ್ನೆಲ್ಲ ಅವನೇ ಊಹಿಸಿ ಸೇರಿಸಿಕೊಳ್ಳುತ್ತಿದ್ದ. ಖಾಯಂ ಗಿರಾಕಿಗಳು ಕಾಫಿ ಕುಡಿಯುತ್ತ, "ಸೇಠ್, ಭಾಭಿ ಈ ವಾರ ಎಲ್ಲಿಗೆ?" ಎಂದು ಕೇಳುವಷ್ಟು ಅದು ಪ್ರಸಿದ್ಧವಾಯಿತು.

2013ರ ಮಳೆಗಾಲದಲ್ಲಿ ಕಾರು ಕೆಮ್ಮತೊಡಗಿತು. ಬೆಳಗ್ಗೆ ಸ್ಟಾರ್ಟಾದರೂ ನಡುಗುತ್ತಿತ್ತು, ಪಿಕಪ್ ಇಲ್ಲ, ಮೀಟರಿನ ಪಕ್ಕದಲ್ಲಿ ಹಳದಿ ದೀಪ. ಹತ್ತಿರದ ಒಂದು ಗ್ಯಾರೇಜಿನವನು ಬಂದು ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದರೆ, ಅದರ ಒಳಬದಿಯಲ್ಲಿ ಹಾಲು ಹೆಚ್ಚಾದ ಕಾಫಿಯ ನೊರೆಯಂಥ ಬಿಳಿ ಕೆನೆ ಮೆತ್ತಿಕೊಂಡಿತ್ತು. ಅವನು ತಲೆ ಕೊಡವಿದ. ಗ್ಯಾಸ್ಕೆಟ್ ಹೋಗಿದೆ, ರೇಡಿಯೇಟರಿನ ನೀರು ಎಂಜಿನ್ ಆಯಿಲಿಗೆ ಸೇರುತ್ತಿದೆ, ಎಂಜಿನ್ ಪೂರ್ತಿ ಬಿಚ್ಚಬೇಕು, ಬಿಚ್ಚುವುದಕ್ಕಿಂತ ಮಾರುವುದೇ ಮೇಲು ಎಂದ. ಹೇಳಿ ಹೋಗುವಾಗ, ನೀರು ಕಡಿಮೆಯಾಗಿದೆಯೋ ಇಲ್ಲವೋ ಎಂದೂ ನೋಡದೆ, ರೇಡಿಯೇಟರಿಗೆ ಒಂದಿಷ್ಟು ನೀರನ್ನೂ ತುಂಬಿಸಿ ಹೋದ.

ಪ್ರೇಮನಾಥ ಕೆರಳಿದ. "ವಾರ ವಾರ ಹೈವೇಯಲ್ಲಿ ಓಡಿದ ಗಾಡಿ! ಇಷ್ಟು ಚಂದ ಇಟ್ಟುಕೊಂಡ ಗಾಡಿ ನಾಲ್ಕು ವರ್ಷಕ್ಕೆ ಹೋಗ್ತದಾ? ಮಾಲೇ ಖೋಟಾ ಕೊಟ್ಟಿದ್ದಾರೆ. ನಾನು ಬಿಡುವುದಿಲ್ಲ. ಎಂಜಿನ್ ಬಿಚ್ಚಿಸಿ, ಫೋಟೋ ತೆಗೆದು, ಕಂಪ್ಲೇಂಟ್ ಹಾಕ್ತೇನೆ. ಅಂಬರನಾಥದ ವಿಷಯಕ್ಕೆ ನೀನೇ ಸಾಕ್ಷಿ."

ಹರಿಣಾಕ್ಷಿಗೆ ಅಂದು ಊಟ ಸೇರಲಿಲ್ಲ.

ಬಿಚ್ಚುವ ಕೆಲಸಕ್ಕೆ ಪ್ರೇಮನಾಥ ಕರೆಸಿದ್ದು ಕಿಟ್ಟಣ್ಣನನ್ನು. ಕಿಟ್ಟಣ್ಣ ಒಂದು ಕಾಲದಲ್ಲಿ ಅದೇ ಹೋಟೆಲಿನ ಅಡಿಗೆಮನೆಯಲ್ಲಿ ಹಿಟ್ಟು ರುಬ್ಬುತ್ತಿದ್ದವನು. ಗ್ರೈಂಡರ್ ಕೆಟ್ಟಾಗಲೆಲ್ಲ ತಾನೇ ಬಿಚ್ಚಿ ಜೋಡಿಸುತ್ತ ಯಂತ್ರದ ರುಚಿ ಹತ್ತಿ, ಈಗ ಠಾಣೆ ಪೂರ್ವದ ಕೋಪರಿಯಲ್ಲಿ ಇಪ್ಪತ್ತು ವರ್ಷದಿಂದ ಸ್ವಂತ ಗ್ಯಾರೇಜು ನಡೆಸುತ್ತಿದ್ದ. ಅವನ ಪದ್ಧತಿ ಬೇರೆ. ಬಾನೆಟ್ ಎತ್ತುವ ಮೊದಲು ಪಂಡಿತರು ರೋಗಿಯನ್ನು ವಿಚಾರಿಸುವಂತೆ ಓಡಿಸುವವರನ್ನು ವಿಚಾರಿಸುತ್ತಿದ್ದ. ಭಾನುವಾರ ಬಂದವನು ಕಡ್ಡಿ ಎಳೆದು ಆಯಿಲಿನ ಮಟ್ಟ ನೋಡಿದ, ಬೆರಳಿಗೆ ಹಚ್ಚಿ ತಿಕ್ಕಿದ, ಮೂಸಿದ.

"ಆಯಿಲ್ ಇರಬೇಕಾದ್ದಕ್ಕಿಂತ ಮೇಲೆ ಉಂಟು," ಎಂದ.

"ಅದೇ ಅಲ್ವಾ," ಎಂದ ಪ್ರೇಮನಾಥ ಹೆಮ್ಮೆಯಿಂದ. "ನಮ್ಮ ಗಾಡಿ ಆಯಿಲ್ ಕುಡಿಯುವುದೇ ಇಲ್ಲ."

"ಪ್ರೇಮಣ್ಣ, ಒಲೆ ಮೇಲಿನ ಸಾಂಬಾರು ಹೊತ್ತು ಹೋದ ಹಾಗೆ ಜಾಸ್ತಿ ಆದ್ರೆ ಎಂತ ಅರ್ಥ?"

ಪ್ರೇಮನಾಥ ಮೂವತ್ತು ವರ್ಷ ಹೋಟೆಲಿನಲ್ಲಿ ಇದ್ದವನು. "ಯಾರೋ ನೀರು ಹೊಯ್ದಿದ್ದಾರೆ," ಎಂದ ಸಣ್ಣ ದನಿಯಲ್ಲಿ.

ಕಿಟ್ಟಣ್ಣ ಹರಿಣಾಕ್ಷಿಯ ಕಡೆ ತಿರುಗಿದ. "ಅಕ್ಕ, ದಿನಾ ಎಷ್ಟು ದೂರ ಹೋಗ್ತೀರಿ? ಒಂದೇ ಸಮ ಅರ್ಧ ಮುಕ್ಕಾಲು ಗಂಟೆ ಓಡುವುದುಂಟಾ?"

ಅವಳು ಬಾಯಿ ತೆರೆಯುವ ಮೊದಲೇ ಪ್ರೇಮನಾಥ ಅಂಬರನಾಥದ ಕಥೆ ಶುರುಮಾಡಿದ. ಮುಗಿಸಿ, "ಹೌದಾ ಅಲ್ವಾ, ಹೇಳು," ಎಂದ. ಹರಿಣಾಕ್ಷಿ ನೆಲ ನೋಡುತ್ತ "ಹೌದು" ಎಂದಳು.

"ಹಾಗಾದ್ರೆ ಗ್ಯಾಸ್ಕೆಟ್ ಇರಬಹುದು," ಎಂದ ಕಿಟ್ಟಣ್ಣ. "ಬುಧವಾರ ಬಿಚ್ಚುವ." ಕಾರನ್ನು ತಾನೇ ಬಿಟ್ಟುಕೊಂಡು ಕೋಪರಿಗೆ ಹೊರಟ.

ಮಂಗಳವಾರ ಮಧ್ಯಾಹ್ನ, ಪ್ರೇಮನಾಥ ಹೋಟೆಲಿನಲ್ಲಿರುವ ಹೊತ್ತು ನೋಡಿಯೇ, ಮನೆಗೆ ಕಿಟ್ಟಣ್ಣನ ಫೋನು ಬಂತು.

"ಅಕ್ಕ, ಒಂದು ಸಂಶಯ. ಇಲ್ಲಿಗೆ ಒಂದು ಗಂಟೆ ಓಡಿಸಿಕೊಂಡು ಬಂದ ಮೇಲೆ ಮುಚ್ಚಳ ತೆಗೆದು ನೋಡಿದೆ. ಆ ಬಿಳಿ ಕೆನೆ ಅರ್ಧಕ್ಕರ್ಧ ಹೋಗಿಬಿಟ್ಟಿದೆ. ಗ್ಯಾಸ್ಕೆಟ್ ಹೋಗಿದ್ರೆ ಓಡಿದಷ್ಟೂ ಜಾಸ್ತಿ ಆಗ್ಬೇಕು. ಮತ್ತೆ ಆಯಿಲಿಗೆ ಪೆಟ್ರೋಲಿನ ವಾಸನೆ ಉಂಟು. ಇದು ಬರೀ ಹತ್ತಿರ ಹತ್ತಿರ ಓಡುವ ಗಾಡಿಯ ಲಕ್ಷಣ. ಆದ್ರೆ ನೀವು ಅಂಬರನಾಥಕ್ಕೆ ಹೋಗ್ತೀರಲ್ಲ. ನಾಲ್ಕು ವರ್ಷದ ಸೋಮವಾರದ್ದೇ ಆರು ಸಾವಿರ ಕಿಲೋಮೀಟರ್ ಆಗ್ಬೇಕಿತ್ತು. ಮೀಟರಿನಲ್ಲಿ ಒಟ್ಟು ನಾಲ್ಕು ಸಾವಿರದ ಒಂಬೈನೂರು ಮಾತ್ರ ಉಂಟು. ಮೀಟರು ಏನಾದ್ರೂ ಕೆಟ್ಟಿದೆಯಾ ಅಕ್ಕ?"

ಎಂಥ ಮರ್ಯಾದಸ್ಥ ಮನುಷ್ಯ ನೋಡಿ. ನೀವು ಸುಳ್ಳು ಹೇಳಿದ್ದೀರಿ ಎನ್ನಲಿಲ್ಲ, ತಪ್ಪನ್ನು ಮೀಟರಿನ ತಲೆಗೆ ಕಟ್ಟಿದ. ರಿಕ್ಷಾದ ಮೀಟರುಗಳನ್ನು ಕಂಡ ಈ ಊರಿನಲ್ಲಿ ಮೀಟರು ಕೆಟ್ಟಿದೆ ಎಂದರೆ ನಂಬದವರು ಯಾರು? ನಿಜ ಹೇಳಲು ಅವನು ಹೀಗೆ ತೆರೆದಿಟ್ಟ ಬಾಗಿಲು ಹರಿಣಾಕ್ಷಿಗೆ ಕಂಡಿತು. ಅವಳು ಅದರಲ್ಲಿ ನುಗ್ಗದೆ, ಹಳೆಯ ದಾರಿಯಲ್ಲೇ ಓಡಿದಳು.

"ಹೌದು ಕಿಟ್ಟಣ್ಣ. ಮೀಟರು ಮೊದಲಿಂದಲೂ ಸರಿ ಇಲ್ಲ."

"ಹಾಗಾದ್ರೆ ನನ್ನ ಅಂದಾಜು ತಪ್ಪು. ನಾಳೆ ಬಿಚ್ಚಿಯೇ ನೋಡುವ. ಒಂದು ಮಾತು ಹೇಳಿಡ್ತೇನೆ ಅಕ್ಕ. ಹಿಂದೆ ಒಮ್ಮೆ ಓಡಿಸುವವರ ಮಾತು ಕೇಳಿ ಒಂದು ಎಂಜಿನ್ ಬಿಚ್ಚಿದ್ದೆ. ಒಳಗೆ ಎಂತ ತೊಂದರೆಯೂ ಇರಲಿಲ್ಲ. ಎಷ್ಟು ನಾಜೂಕಾಗಿ ಜೋಡಿಸಿದ್ರೂ ಅದು ಮತ್ತೆ ಮೊದಲಿನ ಹಾಗೆ ಆಗ್ಲೇ ಇಲ್ಲ. ಈಗಲೂ ಆ ಗಾಡಿ ದಾರಿಯಲ್ಲಿ ಕಂಡ್ರೆ ನಾನು ಮುಖ ತಿರುಗಿಸ್ತೇನೆ."

ಫೋನಿಟ್ಟ ಮೇಲೆ ಅವಳು ಕೂತಲ್ಲಿ ಕೂರಲಿಲ್ಲ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳುತ್ತಿದ್ದಾರೆ, ಆ ಕೊಡಲಿಯನ್ನು ಅವರ ಕೈಗೆ ಕೊಟ್ಟವಳು ತಾನೇ ಎಂದು ಸಂಕಟಪಟ್ಟಳು. ಹೇಳದಿದ್ದರೆ ಏನೂ ತಪ್ಪು ಮಾಡದ ಕಾರಿನ ಹೊಟ್ಟೆ ಬಗೆಯುತ್ತಾರೆ, ಆಮೇಲೆ ಮಾರುತ್ತಾರೆ, ಸಾಕ್ಷಿಗೆ ತನ್ನನ್ನು ಎಳೆಯುತ್ತಾರೆ. ಹೇಳಿದರೆ ಪ್ರೇಮನಾಥ ಹೋಟೆಲಿನಲ್ಲಿ ಹೇಗೆ ತಲೆಯೆತ್ತುತ್ತಾನೆ? ಅತ್ತ ದರಿ ಇತ್ತ ಪುಲಿ. ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಆ ಮೈಸೂರುಪಾಕಿನ ಪೊಟ್ಟಣದ ಮೇಲೆ ಅವಳಿಗೆ ಸಿಟ್ಟು ಬಂತು.

ಬುಧವಾರ ಗಂಡನ ಲೋಕಲ್ ಹೋದ ಅರ್ಧ ಗಂಟೆಗೆ ಅವಳೂ ಠಾಣೆಗೆ ಹೊರಟಳು. ಕೋಪರಿಯ ಗ್ಯಾರೇಜಿಗೆ ಬಂದಾಗ ಬಾನೆಟ್ ತೆರೆದಿತ್ತು, ಬ್ಯಾಟರಿ ಬಿಚ್ಚಿ ಕೆಳಗಿಟ್ಟಿತ್ತು, ಕಿಟ್ಟಣ್ಣ ಪಾನಾ ಹಿಡಿದು ಮೊದಲ ಬೋಲ್ಟಿಗೆ ಕೈ ಹಾಕಿದ್ದ.

"ಬಿಚ್ಚಬೇಡಿ ಕಿಟ್ಟಣ್ಣ," ಎಂದಳು ಏದುಸಿರಿನಲ್ಲಿ. "ಮೀಟರು ಸರಿ ಉಂಟು. ಕೆಟ್ಟದ್ದು ನನ್ನ ಬಾಯಿ." ಎಲ್ಲವನ್ನೂ ಹೇಳಿದಳು. ನಾಕಾ, ಪೊಲೀಸ, ಲೋಕಲ್ ಟ್ರೇನು, ದೇವರ ದೀಪದ ನಂತರದ ಸ್ಟಾರ್ಟು ಕೂಡ. ಹೇಳುತ್ತ ಅಳು ಬಂತು.

ಕಿಟ್ಟಣ್ಣ ಪಾನಾ ಕೆಳಗಿಟ್ಟು ಸ್ಟೂಲು ಒರೆಸಿ ಕೊಟ್ಟ. ನಗಲಿಲ್ಲ. "ಬಚಾವ್," ಎಂದ. ಅದು ಯಾರಿಗೆಂದು ಹೇಳಲಿಲ್ಲ.

"ಹೂವಿನ ಹಾಗೆ ನೋಡಿಕೊಂಡೆನಲ್ಲ ಕಿಟ್ಟಣ್ಣ. ಮತ್ತೆ ಯಾಕೆ ಹೀಗಾಯ್ತು?"

"ಅಕ್ಕ, ಪಾತ್ರೆಗೆ ಮುಚ್ಚಳ ಹಾಕಿ ನೀರು ಬರೀ ಬೆಚ್ಚಗೆ ಮಾಡಿ ಒಲೆ ಆರಿಸಿದ್ರೆ ಮುಚ್ಚಳದ ಅಡಿಯಲ್ಲಿ ಹನಿ ಕೂರ್ತದಲ್ಲ? ಎಂಜಿನ್ ಉರಿಯುವಾಗಲೂ ಒಳಗೆ ಹಬೆ ಆಗ್ತದೆ. ಚೆನ್ನಾಗಿ ಕಾದ್ರೆ ಹೊರಗೆ ಹೋಗ್ತದೆ. ಅದು ಕಾಯುವ ಮೊದಲೇ ನೀವು ಸ್ಟೇಷನ್ ಮುಟ್ಟಿ ಆಫ್ ಮಾಡ್ತೀರಿ. ಹಬೆ ನೀರಾಗಿ ಆಯಿಲಿಗೆ ಬೀಳ್ತದೆ, ಅದೇ ಆ ಕೆನೆ. ತಣ್ಣಗಿರುವಾಗ ಪೆಟ್ರೋಲೂ ಪೂರ್ತಿ ಉರಿಯದೆ ಇಳಿದು ಸೇರ್ತದೆ. ಆಯಿಲ್ ಜಾಸ್ತಿ ಆಯ್ತು ಅಂತ ಪ್ರೇಮಣ್ಣ ಖುಷಿಪಟ್ಟದ್ದು ಅದಕ್ಕೇ. ನೀವು ಶ್ಲೋಕ ಹೇಳಿ ಆಫ್ ಮಾಡ್ತಿದ್ದಿರಲ್ಲ, ಅದಕ್ಕಿಂತ ಸ್ಟಾರ್ಟ್ ಮಾಡದೆ ಬಿಟ್ಟಿದ್ರೆ ಒಳ್ಳೇದಿತ್ತು."

ಆಯಿಲು, ಫಿಲ್ಟರು, ಮಸಿ ಹಿಡಿದ ಪ್ಲಗ್ಗುಗಳನ್ನು ಬದಲಿಸಿ ಶನಿವಾರ ಅವನೇ ಕಾರನ್ನು ಡೊಂಬಿವಲಿಗೆ ತಂದು ನಿಲ್ಲಿಸಿದ. ಹಳದಿ ದೀಪ ಆರಿತ್ತು. ಪ್ರೇಮನಾಥನಿಗೆ ಅವನು ಸುಳ್ಳು ಹೇಳಲಿಲ್ಲ, ಪೂರ್ತಿ ನಿಜವನ್ನೂ ಹೇಳಲಿಲ್ಲ. "ಗ್ಯಾಸ್ಕೆಟ್ ಅಲ್ಲ ಪ್ರೇಮಣ್ಣ, ಎಂಜಿನ್ ಕಾಯದೆ ಆದ ತೊಂದರೆ. ವಾರಕ್ಕೊಮ್ಮೆ ಒಂದು ಗಂಟೆ ಎಲ್ಲಿಯೂ ಆಫ್ ಮಾಡದೆ, ದೊಡ್ಡ ಗೇರಿನಲ್ಲಿ ಓಡಿಸ್ಬೇಕು. ಇಲ್ಲದಿದ್ರೆ ಬರುವ ಮಳೆಗಾಲಕ್ಕೆ ಮತ್ತೆ ಇದೇ." ಹೊರಡುವಾಗ ಹರಿಣಾಕ್ಷಿಗೆ ಮಾತ್ರ ಕೇಳುವಂತೆ, "ಅಣ್ಣನಿಗೆ ಹೇಳುವುದು ಬಿಡುವುದು ನಿಮ್ಮದು. ಎಂಜಿನಿಗೆ ಮಾತ್ರ ಇನ್ನು ಸುಳ್ಳು ಹೇಳಿ ಆಗ್ಲಿಕ್ಕಿಲ್ಲ," ಎಂದ.

ಸೋಮವಾರ ಪ್ರೇಮನಾಥ ರಜೆ ಹಾಕಿದ. ಹೆಂಡತಿ ದೊಡ್ಡ ರಸ್ತೆಯಲ್ಲಿ ಕಾರು ಬಿಡುವ ವೈಭವವನ್ನು ಅಷ್ಟು ವರ್ಷ ವರ್ಣಿಸಿದವನು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ವಾಚು ಕಟ್ಟಿಕೊಂಡು, "ಒಂದು ಗಂಟೆ ಲೆಕ್ಕ ಇಡುವುದು ನನ್ನ ಕೆಲಸ," ಎಂದು ಪಕ್ಕದಲ್ಲಿ ಕೂತ. ಸಣ್ಣ ಮಳೆ ಹನಿಯುತ್ತಿತ್ತು. ದೊಡ್ಡ ರಸ್ತೆ ಸೇರಿದ ಮೇಲೆ ಟ್ರಕ್ಕುಗಳು ಎರಡೂ ಬದಿಯಲ್ಲಿ ನೀರು ಹಾರಿಸುತ್ತ ಹೋದವು. ಹರಿಣಾಕ್ಷಿಯ ಕೈ ಬೆವತಿತ್ತು, ಸ್ಟಿಯರಿಂಗ್ ಜಾರುತ್ತಿತ್ತು. ಹೆಂಡತಿ ಯಾಕೆ ಮಾತಾಡುತ್ತಿಲ್ಲವೆಂದು ಪ್ರೇಮನಾಥನಿಗೆ ತಿಳಿಯಲಿಲ್ಲ, ಅವನೇ ಎರಡೂ ಕಡೆಯ ಮಾತು ಆಡುತ್ತಿದ್ದ.

ಕಾಟಯಿ ನಾಕಾ ಬಂತು. ಅವಳು ಕಾರನ್ನು ಬದಿಗೆ ತೆಗೆದು ನಿಲ್ಲಿಸಿದಳು.

"ಎಂತಾಯ್ತು?"

"ನೋಡಿ, ನನ್ನ ಕೈಯಲ್ಲಿ ಈ ಕಾರು ಇದರಾಚೆ ಯಾವತ್ತೂ ಹೋಗಿಲ್ಲ," ಎಂದಳು. ಗಂಡನ ಕಡೆ ನೋಡದೆ, ಗಾಜು ಒರೆಸುವ ವೈಪರನ್ನೇ ನೋಡುತ್ತ ಎಲ್ಲವನ್ನೂ ಹೇಳಿದಳು. ಈ ಸಲ ಅಳಲಿಲ್ಲ.

ಪ್ರೇಮನಾಥ ಮೊದಲು ನಕ್ಕ. ಆಮೇಲೆ ನಗು ನಿಂತಿತು. "ನಾಲ್ಕು ವರ್ಷ," ಎಂದ. "ನಾಲ್ಕು ವರ್ಷ ನಾನು ಹೋಟೆಲಿನ ಗಲ್ಲಾದಲ್ಲಿ ಕೂತು ಕೋಡಂಗಿ ಹಾಗೆ ಹೇಳಿದ್ದೇನಲ್ಲ ಮಾರಾಯ್ತಿ. ನನ್ನತ್ರ ಹೇಳ್ಬಾರದಿತ್ತಾ? ನಾನೇನು ನಿನ್ನನ್ನು ಹೊಡೀತಿದ್ದೆನಾ?"

"ಹೊಡೆಯುವವರಾಗಿದ್ರೆ ಅಂದೇ ಹೇಳ್ತಿದ್ದೆ. ನೀವು ಖುಷಿಯಲ್ಲಿ ಬಂದ್ರಿ. ಅದಕ್ಕೇ ಆಗ್ಲಿಲ್ಲ."

ಅವನು ಬಾಗಿಲು ತೆರೆದು ಕೆಳಗಿಳಿದ. ರಸ್ತೆ ಬದಿಯ ಚಹಾದ ಟಪರಿಯ ತಗಡಿನ ಮಾಡಿನ ಕೆಳಗೂ ಹೋಗದೆ, ಕಾರಿಗೆ ಬೆನ್ನು ಹಾಕಿ ಮಳೆಯಲ್ಲೇ ನಿಂತ. ಇಸ್ತ್ರಿಯ ಅಂಗಿ ಬೆನ್ನಿಗೆ ಅಂಟಿತು. ಇದಕ್ಕಿಂತ ಬೈದಿದ್ದರೆ ವಾಸಿಯಿತ್ತು ಎಂದು ಹರಿಣಾಕ್ಷಿಗೆ ಅನಿಸಿತು. ಕೈ ತಾನಾಗಿ ಕೀಲಿಯ ಹತ್ತಿರ ಹೋಯಿತು. ಆಫ್ ಮಾಡಿ ಇಳಿದು ಹೋಗಿ ಅವನ ಕೈ ಹಿಡಿದು ಮನೆಗೆ ಹೋಗೋಣ ಎನ್ನುವಷ್ಟು ದುಃಖ ಬಂದಿತ್ತು. ಆದರೆ ಕೀಲಿ ತಿರುಗಿಸಲಿಲ್ಲ. ಎಂಜಿನ್ ಓಡುತ್ತಲೇ ಇತ್ತು.

ಎಷ್ಟೋ ಹೊತ್ತಿನ ಮೇಲೆ ಅವನು ತೊಟ್ಟಿಕ್ಕುತ್ತ ಬಂದು ಕೂತು ಬಾಗಿಲು ಎಳೆದುಕೊಂಡ.

"ಆ ಪ್ರಸಾದ?"

"ಗುಡಿಯದ್ದೇ. ಟ್ರೇನಿನಲ್ಲಿ ಹೋಗಿ ತಂದದ್ದು."

ಪ್ರೇಮನಾಥ ಕರವಸ್ತ್ರದಿಂದ ಮುಖ ಒರೆಸಿಕೊಂಡ. ವಾಚು ನೋಡಿದ. "ಹರಿಣೀ, ನಾನು ಆಡಿದ್ದನ್ನು ಸುಳ್ಳು ಅಂತ ಮನೆ ಮನೆಗೆ ಹೋಗಿ ಹೇಳ್ಲಿಕ್ಕೆ ನನ್ನಿಂದ ಆಗುವುದಿಲ್ಲ," ಎಂದ. "ಇನ್ನು ನೀನೇ ಅದನ್ನು ನಿಜ ಮಾಡ್ಬೇಕು. ನಡಿ."

ಹರಿಣಾಕ್ಷಿ ಸೆರಗಿನಿಂದ ಅಂಗೈ ಒರೆಸಿಕೊಂಡು, ಕನ್ನಡಿ ನೋಡಿ, ಟ್ರಕ್ಕುಗಳ ಸಾಲಿಗೆ ಕಾರನ್ನು ಇಳಿಸಿದಳು.